ದೇಶೀತಾಳಗಳ ಫ್ರಾನ್ಸ್ ಯಾತ್ರೆ

ರೇಡಿಯೋದ ಮುಂದೆ ಕುಳಿತು ಕಚೇರಿ ಕೇಳುವಾಗ ನಿಮ್ಮ ಬೆರಳುಗಳು ತಾವಾಗಿಯೇ ಆದಿತಾಳವನ್ನೋ ರೂಪಕವನ್ನೋ ಎಣಿಸುತ್ತವೆ. ಆದರೆ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ, ಢೆಂಕಿ ಎಂಬ ತಾಳಗಳನ್ನು ಎಂದಾದರೂ ಎಣಿಸಿದ್ದುಂಟೆ? ಇವೂ ನಮ್ಮವೇ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸು ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ದ ತಾಳಾಧ್ಯಾಯದಲ್ಲಿ 120 ದೇಶೀತಾಳಗಳಿಗೆ ಲಕ್ಷಣ ಹೇಳಿದ್ದಾನೆ. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಆ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಸೂಳಾದಿ ತಾಳಗಳು ನೆಲೆಗೊಂಡವು. ದೇಶೀತಾಳಗಳಲ್ಲಿ ಬಹುಪಾಲು ಗ್ರಂಥದಲ್ಲಿಯೇ ಉಳಿದವು.

ಆ ತಾಳಗಳ ಪಟ್ಟಿ ಫ್ರೆಂಚ್ ಭಾಷೆಯ ಒಂದು ಸಂಗೀತ ವಿಶ್ವಕೋಶದಲ್ಲಿ ಅಚ್ಚಾಗಿತ್ತು. ಅದು ಒಲಿವಿಯೇ ಮೆಸಿಯಾಂ (1908-1992) ಎಂಬ ತರುಣನ ಕಣ್ಣಿಗೆ ಬಿದ್ದಿತು. ಆತ ಅವುಗಳನ್ನು ಗುರುಮುಖದಿಂದ ಕಲಿತವನಲ್ಲ, ಪುಸ್ತಕದಿಂದ ಕಲಿತವನು. ಆತನನ್ನು ಹಿಡಿದು ನಿಲ್ಲಿಸಿದ್ದು ಏನು ಬಲ್ಲಿರಾ? ಢೆಂಕಿಯ ಲಕ್ಷಣ ಗುರು, ಲಘು, ಗುರು; ಛಂದಸ್ಸು ಓದಿದವರಿಗೆ ಇದು ರಗಣ. ಹಿಂದಿನಿಂದ ಎಣಿಸಿದರೂ ಅದೇ ಗುರು, ಲಘು, ಗುರು. ಮಕ್ಕಳು ನಲಿಯುವ 'ವಿಕಟಕವಿ' ಎಂಬ ಮಾತಿನ ಹಾಗೆ. ಮಟ್ಟನ್ನು ತಿರುಗುಮುರುಗು ಮಾಡುವುದು ಯೂರೋಪಿನವರ ಹಳೆಯ ಚಮತ್ಕಾರ. ತಿರುಗಿಸಲಾಗದ ಲಯವನ್ನು ಮೆಸಿಯಾಂ ತನ್ನ ಶೈಲಿಯ ಒಂದು ಆಧಾರವನ್ನಾಗಿಯೇ ಮಾಡಿಕೊಂಡನು. 1944ರಲ್ಲಿ ತನ್ನ ಸಂಗೀತಭಾಷೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಶಾರ್ಙ್ಗದೇವನನ್ನು ಹೆಸರಿಸಿ ಋಣವನ್ನು ಒಪ್ಪಿಕೊಂಡನು. ಪಂಡಿತರಲ್ಲಿ ಈ ಸೌಜನ್ಯ ಎಲ್ಲೆಡೆಯೂ ಕಾಣದು.

1940ರಲ್ಲಿ ಆತ ಜರ್ಮನರ ಸೆರೆಯಾಳಾದನು. ಗೋರ್ಲಿಟ್ಸ್‌ನ ಶಿಬಿರದಲ್ಲಿ, ಸಹಬಂದಿಗಳಾದ ಮೂವರು ವಾದಕರನ್ನು ನೆನೆದು, ಪಿಟೀಲು, ಕ್ಲಾರಿನೆಟ್, ಚೆಲ್ಲೋ, ಪಿಯಾನೋಗಳಿಗಾಗಿ 'ಕಾಲದ ಅಂತ್ಯಕ್ಕಾಗಿ' ಎಂಬ ಕೃತಿಯನ್ನು ಪೂರ್ಣಗೊಳಿಸಿದನು. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಬಂದಿಗಳ ಎದುರಿನಲ್ಲಿ ಆ ನಾಲ್ವರೇ ಅದನ್ನು ನುಡಿಸಿದರು. ಅದರ ಮೊದಲ ಭಾಗದಲ್ಲಿ ಪಿಯಾನೋ ನುಡಿಯುವುದು ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶಗಳನ್ನು ಪೋಣಿಸಿದ 17 ಕಾಲಪ್ರಮಾಣಗಳ ಸರಣಿ. ಅದರ ಮೇಲೆ ಕೂರಿಸಿರುವ ಸ್ವರಗುಚ್ಛಗಳಾದರೋ 29. ಸರಣಿ ಮುಗಿದು ಮರಳಿ ಮೊದಲಾದಾಗ ಗುಚ್ಛಗಳು ಇನ್ನೂ ಮುಗಿದಿರುವುದಿಲ್ಲ. ಎರಡೂ ಕೂಡಿ ಮೊದಲಿಗೆ ಬರಬೇಕಾದರೆ 493 ಸಲ ನುಡಿಸಬೇಕು. ಅದಕ್ಕೆ ಬಹಳ ಮುಂಚೆಯೇ ಆ ಭಾಗ ನಿಂತುಹೋಗುತ್ತದೆ. ಕಾಲಕ್ಕೆ ಕೊನೆಯಿಲ್ಲವೆಂಬ ಭಾವನೆಯನ್ನು ಸೆರೆಯಾಳೊಬ್ಬನು ಹೀಗೆ ಲೆಕ್ಕದಲ್ಲಿ ಕಟ್ಟಿದನು.

ಇದನ್ನು ಕೇಳಿ ನಮ್ಮ ತಾಳ ಪಶ್ಚಿಮವನ್ನು ಗೆದ್ದಿತೆಂದು ಬೀಗುವುದು ಬೇಡ. ಅಲ್ಲಿ ಕೈಯಲ್ಲಿ ಹಾಕುವ ಆವರ್ತವಿಲ್ಲ, ಮೃದಂಗವಿಲ್ಲ. ದಕ್ಕಿದ್ದು ಲಕ್ಷಣ ಮಾತ್ರ, ಲಕ್ಷ್ಯವಲ್ಲ. ಆದರೂ ನಮ್ಮ ವಿದ್ವಾಂಸರ ಕೈ ಬಿಟ್ಟಿದ್ದ ತಾಳಗಳು ಆ ಸೆರೆಮನೆಯಲ್ಲಿ ಸದ್ದು ಮಾಡಿದವೆಂಬುದು ಸುಳ್ಳಲ್ಲ. 1949ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲು ನುಡಿದ ಆತನ ಮಹಾಕೃತಿಗೆ 'ತುರಂಗಲೀಲಾ' ಎಂದೇ ಹೆಸರು. ಅದೂ ಶಾರ್ಙ್ಗದೇವನ ಪಟ್ಟಿಯದೇ.

ಆ ಚತುರ್ವಾದ್ಯದ ಮೊದಲ ಭಾಗ ಎಂದಾದರೂ ಕಿವಿಗೆ ಬಿದ್ದರೆ, ಹಕ್ಕಿಗಳಂತೆ ಉಲಿಯುವ ಪಿಟೀಲು, ಕ್ಲಾರಿನೆಟ್ಟುಗಳನ್ನು ಬಿಟ್ಟು ಪಿಯಾನೋ ಕಡೆಗೆ ಗಮನವಿಡಿ. ನನಗೆ ಆ ಹದಿನೇಳರ ಎಣಿಕೆ ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು.