ಉಪ್ಪುನೀರಿನ ಭತ್ತ: ಅಘನಾಶಿನಿಯ ಕಗ್ಗ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಗಜನಿಗಳಿವು, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳು. ಅಘನಾಶಿನಿ ನದಿಯ ಅಳಿವೆಯ ಉಪ್ಪುನೀರಲ್ಲಿ ನಿಂತೇ ತೆನೆ ಬಿಡುವ ಭತ್ತ, ಕಗ್ಗ. ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸುತ್ತಾರೆ. ನೀರಲ್ಲಿ ಉಳಿದ ಹುಲ್ಲು ಕೊಳೆತು ಸಿಗಡಿ, ಮೀನುಗಳಿಗೆ ಮೇವು.

ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಇಂಥ ತಳಿ ಕೈತಪ್ಪಿದರೆ ಮತ್ತೆ ಸಿಗದು. ಅದನ್ನು ಉಳಿಸಿಕೊಂಡವರು ಇಲ್ಲಿನ ರೈತರೇ. ಉಬ್ಬರಕ್ಕೆ ತೂಬಿನ ಬಾಗಿಲು ಮುಚ್ಚುವುದು, ಇಳಿತಕ್ಕೆ ಒಳನೀರು ಬಿಡುವುದು, ಒಡೆದ ಕಟ್ಟೆಗೆ ಮಣ್ಣು ಹೊರುವುದು ಒಂದೇ ಮನೆಯಿಂದ ಆಗುವ ಕೆಲಸವಲ್ಲ. ಒಬ್ಬರು ಕೈಬಿಟ್ಟರೆ ಪಕ್ಕದವರ ಗದ್ದೆಗೂ ಉಪ್ಪು ಮಿತಿಮೀರಿ ನುಗ್ಗುತ್ತದೆ. ಸಿಗಡಿ ಕೃಷಿಯ ಆಸೆಗೆ ಹಲವು ಗಜನಿಗಳು ಭತ್ತವನ್ನೇ ಮರೆತಿವೆ, ನಿಜವಾದ ನಷ್ಟವದು.

ಈ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ರಾಮ್ಸರ್ ಮಾನ್ಯತೆ ದೊರೆತಿದೆ. ಕಟ್ಟೆಯ ಮೇಲೆ ನಡೆಯುವಾಗ ಅಂಚು ಕುಸಿಯದಂತೆ ನಡುವೆಯೇ ಹೆಜ್ಜೆ ಇಡಿ.