ಕಪಿಲೆಯ 23 ಕಿಲೋಮೀಟರ್

ಕಾಕನಕೋಟೆಯ ಕಾಡಿನೊಳಗೆ ರಾಷ್ಟ್ರೀಯ ಜಲಮಾರ್ಗವೊಂದಿದೆ ಎಂದರೆ ಹೆಗ್ಗಡದೇವನಕೋಟೆಯವರೇ ನಗಬಹುದು. ಆದರೆ 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯ ಪಟ್ಟಿಯಲ್ಲಿ 51ನೆಯ ಹೆಸರು ಕಬಿನಿಯದು. ಬೀಚನಹಳ್ಳಿಯ ಅಣೆಕಟ್ಟೆಯಿಂದ ಬೈರಕುಪ್ಪೆಯವರೆಗೆ, 23 ಕಿಲೋಮೀಟರ್. ಈ ಕಾಯ್ದೆ ಒಂದೇ ಏಟಿಗೆ 106 ಹೊಸ ಜಲಮಾರ್ಗಗಳನ್ನು ಸೇರಿಸಿ ಒಟ್ಟು ಸಂಖ್ಯೆಯನ್ನು 111ಕ್ಕೆ ಏರಿಸಿತು. ಪಟ್ಟಿಯಲ್ಲಿರುವುದು ಹೊಳೆಯ ಉದ್ದ ಮತ್ತು ಎರಡು ತುದಿಗಳು. ಒಂದು ದಡದಲ್ಲಿ ನಾಗರಹೊಳೆ, ಇನ್ನೊಂದು ದಡದಲ್ಲಿ ಬಂಡೀಪುರ ಇರುವುದು ಅಲ್ಲಿ ಕಾಣುವುದಿಲ್ಲ.

ಜಲಮಾರ್ಗದಲ್ಲಿ ಏನೇನು ಸಾಗಬಹುದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. 1993ರಲ್ಲಿ ಘೋಷಣೆಯಾದ ಕೇರಳದ 3ನೇ ರಾಷ್ಟ್ರೀಯ ಜಲಮಾರ್ಗದಲ್ಲಿ ಕೊಚ್ಚಿಯ ಉದ್ಯೋಗಮಂಡಲ್ ಕಾಲುವೆಯೂ ಸೇರಿದೆ. ಅದರ ಉದ್ದವೂ ಕಾಕತಾಳೀಯವಾಗಿ 23 ಕಿಲೋಮೀಟರೇ. ಈ ಜಲಮಾರ್ಗದ ಕಾಲುವೆಗಳಲ್ಲಿ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆಗಳಿಗಾಗಿ ಅಮೋನಿಯಾ, ಫಾಸ್ಫಾರಿಕ್ ಆಮ್ಲ ಬಾರ್ಜುಗಳಲ್ಲಿ ಸಾಗಿವೆ. ಇದಕ್ಕೆ ತಕ್ಕ ಕಾರಣವೂ ಇದೆ. ಹಲವು ಟ್ಯಾಂಕರ್ ಲಾರಿಗಳ ಸರಕನ್ನು ಒಂದೇ ಬಾರ್ಜು ಹೊರುತ್ತದೆ, ಇಂಧನ ಉಳಿಯುತ್ತದೆ, ಜನದಟ್ಟಣೆಯ ರಸ್ತೆಯಿಂದ ಅಪಾಯ ದೂರವಾಗುತ್ತದೆ. ಆದರೆ ರಸ್ತೆಯಿಂದ ಇಳಿದ ಅಪಾಯ ನೀರಿಗೆ ಇಳಿದಿರುತ್ತದೆ. ಲಾರಿ ಮಗುಚಿದರೆ ಸುತ್ತ ಮಣ್ಣಿನ ಬದು ಹಾಕಬಹುದು. ಹರಿಯುವ ನೀರಿಗೆ ಬದು ಹಾಕುವುದು ಅಷ್ಟು ಸುಲಭವಲ್ಲ.

ಈ ಅಪಾಯವನ್ನು ನಮ್ಮ ಕಾನೂನು ಹೇಗೆ ನೋಡಿತು? ಬ್ರಿಟಿಷರ ಕಾಲದ 1917ರ ಒಳನಾಡು ಹಡಗು ಕಾಯ್ದೆಯಲ್ಲಿ ಅಪಾಯಕಾರಿ ಸರಕಿನ ಮಾತು ಬರುತ್ತದೆ. ಅಂಥ ಸರಕನ್ನು ತಿಳಿಸದೆ ಹಡಗಿಗೆ ಏರಿಸುವಂತಿಲ್ಲ. ಏರಿಸಿದ್ದು ಗೊತ್ತಾದರೆ ಮಾಲೀಕನಾಗಲಿ ನಾವಿಕನಾಗಲಿ ಅದನ್ನು ಡಬ್ಬಿಯ ಸಮೇತ ನೀರಿಗೆ ಎಸೆಯಬಹುದು, ಅದಕ್ಕಾಗಿ ಅವನ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಕಾನೂನಿಗೆ ಹಡಗು, ಪ್ರಯಾಣಿಕ, ಮಾಲೀಕ ಕಂಡರು. ಎಸೆದ ಜಾಗದಲ್ಲಿ ಇದ್ದ ಹೊಳೆ ಕಾಣಲಿಲ್ಲ. 2021ರಲ್ಲಿ ಬಂದ ಹೊಸ ಕಾಯ್ದೆ ಮಾಲಿನ್ಯ ತಡೆಗೆಂದೇ ಅಧ್ಯಾಯ ಇಟ್ಟು, ಸರಕಿನ ರಾಸಾಯನಿಕಗಳನ್ನು ಮಾಲಿನ್ಯಕಾರಕಗಳೆಂದು ಪಟ್ಟಿ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ನಡುವೆ ನೂರು ವರ್ಷ ದಾಟಿತ್ತು.

ಕಾಡಿನ ಹೊಳೆಯಲ್ಲಿ ಟ್ಯಾಂಕರ್ ಮುಳುಗಿದರೆ ಏನಾಗುತ್ತದೆಂದು 2014ರ ಡಿಸೆಂಬರ್ 9ರಂದು ಬಾಂಗ್ಲಾದೇಶದ ಸುಂದರಬನ ಕಂಡಿತು. ಶೇಲಾ ನದಿಯಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆದು 'ಸದರ್ನ್ ಸ್ಟಾರ್ 7' ಮುಳುಗಿತು. ಸುಮಾರು 3.5 ಲಕ್ಷ ಲೀಟರ್ ಫರ್ನೇಸ್ ಎಣ್ಣೆ ಡಾಲ್ಫಿನ್‌ಗಳ ನೆಲೆಗೆ, ಕಾಂಡ್ಲಾ ಗಿಡಗಳ ಬೇರಿಗೆ ಹರಿಯಿತು. ದಡದ ಬಡವರು ಪಾತ್ರೆ, ಬಟ್ಟೆ ಹಿಡಿದು ಬರಿಗೈಯಲ್ಲಿ ಎಣ್ಣೆ ಬಳಿದು ತೆಗೆದರು.

ಕಬಿನಿಯ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಇಂದು ಟ್ಯಾಂಕರ್ ಹಡಗು ಓಡುತ್ತಿಲ್ಲ. ಬೈರಕುಪ್ಪೆಯಲ್ಲಿ ಜನ ಆಚೆಯ ಕೇರಳದ ದಡಕ್ಕೆ ದಾಟುವ ದೋಣಿಗಳೇ ಈ ಜಲಮಾರ್ಗದ ನಿಜವಾದ ಸಂಚಾರ. ಆದರೂ ಪಟ್ಟಿಯ ಹೆಸರನ್ನು ಹಗುರವಾಗಿ ಕಾಣುವಂತಿಲ್ಲ. ಈ ಹೊಳೆಗೆ ಮೇಲಿನವರು ಇಟ್ಟ ಒಂದೊಂದು ಹೆಸರೂ ಒಂದೊಂದು ಬಳಕೆಯಾಗಿ ಇಳಿದು ಬಂದಿದೆ. ಪುನ್ನಾಟದ ಅರಸರಿಗೆ ಇದರ ದಡದ ಕಿತ್ತೂರು ರಾಜಧಾನಿ ಕೀರ್ತಿಪುರ. ಮೈಸೂರು ಅರಸರಿಗೆ ಇದು ಆನೆಗಳನ್ನು ಅಟ್ಟಿಕೊಂಡು ಬರುವ ಖೆಡ್ಡಾದ ನೀರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ಕ್ಕೆ ಅಣೆಕಟ್ಟೆ ಮುಗಿದು ಹೊಳೆ ಜಲಾಶಯವಾಯಿತು. ಖೆಡ್ಡಾ ನಡೆಯುತ್ತಿದ್ದ ಮಾಸ್ತಿಗುಡಿಯೂ, ಜೇನುಕುರುಬರ, ಕಾಡುಕುರುಬರ ಹಾಡಿಗಳೂ ಮುಳುಗಿದವು. ಒಂದು ಸಲವೂ ದಡದವರನ್ನು ಕೇಳಿ ಹೆಸರು ಬದಲಾಗಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾಗುವ ಹುಲ್ಲಿಗೆ ನೂರಾರು ಆನೆಗಳು ಬರುತ್ತವೆ. ಹಡಗಿಗೆ ಆಳ ಸಾಲದ ಆ ಕಾಲವೇ ಆನೆಗೆ ಹಬ್ಬ. ಅದೇ ನೀರನ್ನು ಕೆಳಗೆ ನಂಜನಗೂಡಿನವರೂ ಮೈಸೂರಿನ ಎಷ್ಟೋ ಬಡಾವಣೆಗಳವರೂ ಕುಡಿಯುತ್ತಾರೆ. ಕೊಚ್ಚಿಯ ಕಾಲುವೆಗೆ ಒಪ್ಪುವ ನಿಯಮ ಇಲ್ಲಿಗೆ ಸಾಲದು. ಈ 23 ಕಿಲೋಮೀಟರಿನಲ್ಲಿ ಅಪಾಯಕಾರಿ ದ್ರವ ಸಾಗುವಂತಿಲ್ಲ ಎಂಬ ಒಂದು ಸಾಲನ್ನು ಮೊದಲ ಹಡಗು ಬರುವ ಮೊದಲೇ ಬರೆದಿಡಬಹುದು. ಮುಳುಗಿದ ಮೇಲೆ ಬರೆದ ಕಾನೂನಿನಿಂದ ನೀರು ತಿಳಿಯಾಗುವುದಿಲ್ಲ.