ಬಾಳಸಂಗಾತಿಯ ವೀಸಾಕ್ಕೆ ಸಂಬಳದ ಅಳತೆಗೋಲು

ಹೆಂಡತಿಯನ್ನು ಸಾಕುವಷ್ಟು ಸಂಪಾದನೆ ಹುಡುಗನಿಗೆ ಇದೆಯೇ ಎಂದು ವಿಚಾರಿಸುವುದು ನಮ್ಮಲ್ಲಿ ಹೆಣ್ಣಿನ ಕಡೆಯ ಹಿರಿಯರ ವಾಡಿಕೆ. ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತದೆ. ಅದೂ ಮದುವೆಯಾದ ಮೇಲೆ. ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಪಡೆದವರು ಊರಿಗೆ ಬಂದು ಮದುವೆಯಾಗಿ, ಸಂಗಾತಿಯನ್ನು ಕಾಯಂ ಆಗಿ ಕರೆಸಿಕೊಳ್ಳಬೇಕೆಂದರೆ ಮದುವೆಯ ದಾಖಲೆಗಳಷ್ಟೇ ಸಾಲವು. ತೆರಿಗೆ ಲೆಕ್ಕ, ಸಂಬಳದ ಚೀಟಿಗಳನ್ನು ಲಗತ್ತಿಸಿ, 'ಇವರನ್ನು ನಾನು ಪೋಷಿಸುತ್ತೇನೆ' ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಕು. ಐ-864 ಎಂಬುದು ಆ ನಮೂನೆಯ ಹೆಸರು.

ಎಚ್-1ಬಿ ವೀಸಾದ ಮೇಲೆ ಹೋದ ಎಂಜಿನಿಯರುಗಳ ಸಂಗಾತಿಗಳಿಗೆ ಈ ನಮೂನೆ ಬೇಕಿಲ್ಲ, ಅವರದು ತಾತ್ಕಾಲಿಕ ವೀಸಾ. ಕಾಯಂ ನೆಲೆಸಲು ಹೊರಟವರ ವಿಷಯದಲ್ಲಿ ಮಾತ್ರ ಸರ್ಕಾರ ಇಷ್ಟು ಹುಷಾರಾಗಿರುತ್ತದೆ. ಈ ಹುಷಾರಿನ ಹಿಂದೆ ಒಂದೂಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ.

1882ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ವಲಸೆ ಕಾಯಿದೆ, ತನ್ನನ್ನು ತಾನು ನೋಡಿಕೊಳ್ಳಲಾರದೆ 'ಸಾರ್ವಜನಿಕ ಹೊರೆ'ಯಾಗುವವರನ್ನು ಬಂದರಿನಲ್ಲೇ ತಡೆಯಬೇಕೆಂದಿತು. 1891ರ ಕಾಯಿದೆ ಇನ್ನೂ ಮುಂದೆ ಹೋಗಿ, ಹೊರೆಯಾಗುವ ಸಂಭವವಿರುವವರನ್ನೂ ಹೊರಗಿಟ್ಟಿತು. ಮರುವರ್ಷ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ತಪಾಸಣಾ ಕೇಂದ್ರ ತೆರೆಯಿತು. ಅಲ್ಲಿನ ಅಧಿಕಾರಿಗಳು ನೋಡುತ್ತಿದ್ದುದು ಬಂದವರ ಮೈಕಟ್ಟು, ಕಸುಬು, ಕೈಯಲ್ಲಿದ್ದ ಕಾಸು. ಒಂಟಿಯಾಗಿ ಬಂದ ಹೆಂಗಸರನ್ನು ಗಂಡನೋ ಬಂಧುವೋ ಬಂದು ಕರೆದೊಯ್ಯುವವರೆಗೆ ಅಲ್ಲೇ ಇರಿಸಿಕೊಳ್ಳುವುದೂ ಇತ್ತು. ಆದರೂ ಪರೀಕ್ಷೆ ನಡೆಯುತ್ತಿದ್ದುದು ಮುಖ್ಯವಾಗಿ ಬಂದವರದೇ ಹೊರತು ಕರೆಸಿಕೊಂಡವರದಲ್ಲ.

ಭಾರತೀಯರಿಗೆ ಆಗ ಬಾಗಿಲು ಮುಚ್ಚಿದ ಕಾರಣವೇ ಬೇರೆ. 1917ರ ಕಾಯಿದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಕ್ಯಾಲಿಫೋರ್ನಿಯದಲ್ಲಿ ಬೇಸಾಯಕ್ಕೆ ನಿಂತಿದ್ದ ಪಂಜಾಬಿಗಳು ಎಷ್ಟೇ ದುಡಿದರೂ ಊರಿನಿಂದ ಹೆಂಡತಿಯನ್ನು ಕರೆತರಲಾಗಲಿಲ್ಲ. ಅವರಲ್ಲಿ ಹಲವರು ಅಲ್ಲಿನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಅಂದಿನ ತೊಡಕು ಬಡತನವಲ್ಲ, ಜನಾಂಗ. 1946ರಲ್ಲಿ ಭಾರತಕ್ಕೆ ವರ್ಷಕ್ಕೆ ಕೇವಲ 100 ಜನರ ಕೋಟಾ ಸಿಕ್ಕಿತು. ದೇಶವಾರು ಕೋಟಾ ಪದ್ಧತಿಯನ್ನು ತೆಗೆದುಹಾಕಿದ್ದು 1965ರ ಕಾಯಿದೆ. ಬಂಧುತ್ವಕ್ಕೆ ಆದ್ಯತೆ ಕೊಟ್ಟ ಈ ಕಾಯಿದೆಯಿಂದಲೇ ಕನ್ನಡಿಗರ ಕುಟುಂಬಗಳೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಯೂರುವುದು ಸಾಧ್ಯವಾಯಿತು.

ಕರೆಸಿಕೊಳ್ಳುವವರ ಜೇಬನ್ನು ನೋಡುವ ಪದ್ಧತಿ ಬಲಗೊಂಡದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. 1930ರ ಸೆಪ್ಟೆಂಬರ್‌ನಲ್ಲಿ ಹೂವರ್ ಸರ್ಕಾರವು 'ಸಾರ್ವಜನಿಕ ಹೊರೆ' ನಿಯಮವನ್ನು ಬಿಗಿಯಾಗಿ ಪಾಲಿಸಬೇಕೆಂದು ಹೊರದೇಶಗಳಲ್ಲಿದ್ದ ತನ್ನ ಕಾನ್ಸಲ್‌ಗಳಿಗೆ ಸೂಚಿಸಿತು. ಹಿಟ್ಲರನ ಜರ್ಮನಿಯಿಂದ ಪಾರಾಗಲು ಯತ್ನಿಸಿದ ಯೆಹೂದಿಗಳು ಅಮೆರಿಕದ ನೆಂಟರಿಂದ ಪೋಷಣೆಯ ಪ್ರಮಾಣಪತ್ರ ತರಿಸಿಕೊಳ್ಳಲು ಪರದಾಡಿದರು. ಜರ್ಮನಿಗೆ ವರ್ಷಕ್ಕೆ ಸುಮಾರು 26 ಸಾವಿರ ಸ್ಥಾನಗಳಿದ್ದರೂ 1933ರಲ್ಲಿ ಅವುಗಳಲ್ಲಿ ಬಹುಪಾಲು ಖಾಲಿ ಉಳಿದವು. ಒಂದು ಕಾಗದದ ಬೆಲೆ ಒಂದು ಜೀವದಷ್ಟು ಆಗಬಹುದು ಎಂಬುದು ಆಗ ಜಗತ್ತಿಗೆ ತಿಳಿಯಿತು.

ಸೋಜಿಗವೆಂದರೆ, ಇಷ್ಟು ಮಹತ್ವದ ಆ ಪತ್ರಕ್ಕೆ ಕಾನೂನಿನ ಬಲವೇ ಇರಲಿಲ್ಲ. ವಲಸೆ ಬಂದವರಿಗಾಗಿ ಮಾಡಿದ ಖರ್ಚನ್ನು ವಸೂಲು ಮಾಡಿಕೊಡಿ ಎಂದು ಸರ್ಕಾರಿ ಇಲಾಖೆಗಳು ಮೊರೆಹೋದಾಗ, 1959ರಲ್ಲಿ ನ್ಯೂಯಾರ್ಕ್ ಮತ್ತು ಮಿಷಿಗನ್ ರಾಜ್ಯಗಳ ನ್ಯಾಯಾಲಯಗಳು ಒಪ್ಪಲಿಲ್ಲ. ಸಹಿ ಹಾಕಿದವರದು ನೈತಿಕ ಹೊಣೆಯೇ ಹೊರತು ಕರಾರಲ್ಲ ಎಂಬುದು ಆ ತೀರ್ಪುಗಳ ಸಾರ.

1996ರಲ್ಲಿ ಈ ಸಡಿಲಿಕೆ ಕೊನೆಗೊಂಡಿತು. ಆ ವರ್ಷದ ಆಗಸ್ಟ್ ಹಾಗೂ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದ ಎರಡು ಕಾಯಿದೆಗಳು ಮುಚ್ಚಳಿಕೆಯನ್ನು ಕೋರ್ಟಿನಲ್ಲಿ ಜಾರಿ ಮಾಡಿಸಬಲ್ಲ ಕರಾರಾಗಿ ಮಾರ್ಪಡಿಸಿದವು. 1997ರ ಡಿಸೆಂಬರ್ 19ರಿಂದ ಹೊಸ ನಮೂನೆ ಬಳಕೆಗೆ ಬಂತು. ಕರೆಸಿಕೊಳ್ಳುವವರ ವರಮಾನ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕೆಂದು ನಿಗದಿಯಾಯಿತು. ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರು ಸಂಗಾತಿಯನ್ನೋ ಮಕ್ಕಳನ್ನೋ ಕರೆಸಿಕೊಳ್ಳುವಾಗ ಮಾತ್ರ ಶೇಕಡಾ 100 ಸಾಕು.

ಈ ಬಡತನ ರೇಖೆಯ ಮೂಲವನ್ನು ಕೆದಕಿದರೆ ಸಿಗುವುದು ಒಂದು ದಿನಸಿ ಲೆಕ್ಕ. ಅದನ್ನು ರೂಪಿಸಿದಾಕೆ ಸಾಮಾಜಿಕ ಭದ್ರತಾ ಇಲಾಖೆಯ ಮೋಲಿ ಓರ್ಶಾನ್ಸ್ಕಿ. ಯುಕ್ರೇನಿನಿಂದ ವಲಸೆ ಬಂದ ಬಡ ಯೆಹೂದಿ ದಂಪತಿಗಳ ಮಗಳಾಗಿ 1915ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಕೃಷಿ ಇಲಾಖೆ ನಾಲ್ಕು ದರ್ಜೆಯ ಆಹಾರ ಯೋಜನೆಗಳನ್ನು ಸಿದ್ಧಪಡಿಸಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಕೈಯಲ್ಲಿ ಹಣವಿಲ್ಲದಾಗ ತಾತ್ಕಾಲಿಕವಾಗಿ ನಿಭಾಯಿಸಲೆಂದು ಇದ್ದುದು. 1955ರ ಸಮೀಕ್ಷೆಯ ಪ್ರಕಾರ ಕುಟುಂಬಗಳು ವರಮಾನದ ಸುಮಾರು ಮೂರರಲ್ಲಿ ಒಂದು ಪಾಲನ್ನು ಊಟಕ್ಕೆ ವೆಚ್ಚ ಮಾಡುತ್ತಿದ್ದವು. ಓರ್ಶಾನ್ಸ್ಕಿ ಆ ಅಗ್ಗದ ಊಟದ ವೆಚ್ಚವನ್ನು ಮೂರರಿಂದ ಗುಣಿಸಿ, 1965ರಲ್ಲಿ ತಮ್ಮ ಲೆಕ್ಕವನ್ನು ವಿವರವಾಗಿ ಪ್ರಕಟಿಸಿದರು. 1969ರಲ್ಲಿ ಸರ್ಕಾರ ಅದನ್ನೇ ಅಧಿಕೃತ ಅಳತೆಯಾಗಿ ಒಪ್ಪಿಕೊಂಡಿತು. ಇಷ್ಟಿದ್ದರೆ ಸಾಕು ಎಂದು ಹೇಳುವುದು ಅವರ ಉದ್ದೇಶವಾಗಿರಲಿಲ್ಲ. ಇಷ್ಟಕ್ಕಿಂತ ಕಡಿಮೆಯಾದರೆ ಖಂಡಿತ ಸಾಲದು ಎಂದು ತೋರಿಸುವುದಷ್ಟೇ ಅವರಿಗೆ ಬೇಕಿತ್ತು. ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಣೆಗೊಳ್ಳುತ್ತ ಬಂದ ಆ ಗೆರೆಯ ಸರಳ ರೂಪವೇ ಇಂದು ವೀಸಾ ಕಚೇರಿಯ ಅಳತೆಗೋಲು.

2025ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ ಇಬ್ಬರ ಕುಟುಂಬಕ್ಕೆ ಬಡತನ ರೇಖೆ 21,150 ಡಾಲರ್ ಇತ್ತು. ಅದರ ಶೇಕಡಾ 125 ಎಂದರೆ 26,437 ಡಾಲರ್. ಸಾಫ್ಟ್‌ವೇರ್ ಸಂಬಳದವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ 2009ರಲ್ಲಿ ಗಂಟೆಗೆ 7.25 ಡಾಲರ್ ಎಂದು ನಿಗದಿಯಾದ ಕೇಂದ್ರದ ಕನಿಷ್ಠ ಕೂಲಿ 2025ರಲ್ಲೂ ಅಷ್ಟೇ ಇತ್ತು. ವಾರಕ್ಕೆ 40 ಗಂಟೆಯಂತೆ ಒಂದು ವಾರವೂ ಬಿಡದೆ ದುಡಿದರೂ ವರ್ಷಕ್ಕೆ ಕೈಗೆ ಬರುವುದು 15,080 ಡಾಲರ್. ಹೆಚ್ಚು ಕೂಲಿ ಗೊತ್ತುಮಾಡಿರುವ ರಾಜ್ಯಗಳು ಹಲವಿವೆ. ಕೇಂದ್ರದ ದರವೇ ನಡೆಯುವ ಕಡೆ ಪೂರ್ಣಾವಧಿ ದುಡಿಯುವವರೂ ತಮ್ಮೊಬ್ಬರ ಕೂಲಿಯ ಬಲದಿಂದ ಸಂಗಾತಿಯನ್ನು ಕರೆಸಿಕೊಳ್ಳಲಾರರು.

ಅಂಥವರಿಗೆ ಕಾನೂನು ಕೆಲವು ದಾರಿಗಳನ್ನು ಬಿಟ್ಟಿದೆ. ಸಾಕಷ್ಟು ವರಮಾನವಿರುವ ಇನ್ನೊಬ್ಬ ಪೌರರು ಅಥವಾ ಗ್ರೀನ್ ಕಾರ್ಡ್‌ದಾರರು ಜೊತೆ ಜಾಮೀನು ನಿಲ್ಲಬಹುದು. ಇಲ್ಲವೇ ಆಸ್ತಿ ತೋರಿಸಬಹುದು: ಪೌರರ ಸಂಗಾತಿಯಾದರೆ ಕೊರತೆಯ ಮೂರರಷ್ಟು, ಗ್ರೀನ್ ಕಾರ್ಡ್‌ದಾರರ ಸಂಗಾತಿಯಾದರೆ ಐದರಷ್ಟು. ವರಮಾನದಲ್ಲಿ 6,000 ಡಾಲರ್ ಕೊರತೆಯಿದ್ದರೆ ಪೌರರು 18,000 ಡಾಲರ್ ಮೌಲ್ಯದ ಆಸ್ತಿ ತೋರಿಸಬೇಕಾಗುತ್ತದೆ.

ಸ್ನೇಹದ ದಾಕ್ಷಿಣ್ಯಕ್ಕೆ ಜೊತೆ ಜಾಮೀನು ಬರೆಯುವವರು ಒಂದು ಮಾತನ್ನು ಮರೆಯಬಾರದು. ಬಂದವರು ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷಕ್ಕೆ ಸಮನಾದ ದುಡಿಮೆ ಅವರ ಖಾತೆಗೆ ಜಮೆಯಾಗುವವರೆಗೆ, ಅಥವಾ ಅವರು ದೇಶವನ್ನೇ ಬಿಟ್ಟು ಹೋಗುವವರೆಗೆ ಈ ಹೊಣೆ ಉಳಿಯುತ್ತದೆ. ಸಾವು ಅದನ್ನು ಮುಗಿಸುತ್ತದೆ, ವಿಚ್ಛೇದನ ಮುಗಿಸುವುದಿಲ್ಲ. ಮದುವೆ ಮುರಿದ ಮೇಲೂ ಮುಚ್ಚಳಿಕೆ ಬದುಕಿರುತ್ತದೆ. ಪರದೇಶದಲ್ಲಿ ಒಂಟಿಯಾಗಿ ಉಳಿದವರಿಗೆ ಕೆಲವೊಮ್ಮೆ ಇದೇ ಆಸರೆಯಾಗುವುದೂ ಉಂಟು.

ಬಂದರಿನಲ್ಲಿ ಬಂದವರ ತೋಳಿನ ಬಲವನ್ನು ನೋಡುತ್ತಿದ್ದ ಕಾನೂನು, ಈಗ ಕರೆಸಿಕೊಳ್ಳುವವರ ಸಂಬಳದ ಚೀಟಿಯನ್ನು ನೋಡುತ್ತಿದೆ. ಯಾರಿಗೆ ನೆರವು ಬೇಕು ಎಂದು ಎಣಿಸಲು ಬಡ ವಲಸಿಗರ ಮಗಳೊಬ್ಬಳು ಎಳೆದ ಗೆರೆ, ಯಾರು ಸಂಗಾತಿಯೊಡನೆ ಬಾಳಬಹುದು ಎಂಬುದನ್ನೂ ತೀರ್ಮಾನಿಸುವಂತಾಗಿದೆ.